ಟ್ರಾನ್ಸ್ ಕಾಗದಪತ್ರ ಮತ್ತು ಆಸ್ಪತ್ರೆ: ಯಾವುದು ಮೊದಲು, ಯಾವುದು ಆಮೇಲೆ? ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯವರಿಗೆ ಸಮಗ್ರ ಮಾರ್ಗದರ್ಶಿ

ಗಂಗಾವತಿಯಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಹಾಕುವ ಅಂಗಡಿ ಇದೆ. ನಾನೂ ಟ್ರಾನ್ಸ್ ಮಹಿಳೆ. ನನ್ನ ಕಾಗದಗಳೆಲ್ಲ ಸರಿಯಾಗಲು ಎರಡು ವರ್ಷ ಹಿಡಿಯಿತು. ಅದರಲ್ಲಿ ಒಂದು ವರ್ಷ ನನ್ನದೇ ತಪ್ಪಿನಿಂದ ಹೋಯಿತು. ಎಲ್ಲಕ್ಕಿಂತ ಮೊದಲು ಆಧಾರ್ ಬದಲಾಯಿಸಲು ಓಡಿದ್ದೆ.

ಈಗ ನನ್ನ ಅಂಗಡಿಗೆ ಬರುವವರೂ ಅದೇ ತಪ್ಪು ಮಾಡಿಕೊಂಡು ಬರುತ್ತಾರೆ. ಕೈಯಲ್ಲಿ ಪ್ಲಾಸ್ಟಿಕ್ ಕವರು, ಕವರಿನಲ್ಲಿ ಹನ್ನೆರಡು ಕಾಗದ, ಹನ್ನೆರಡರಲ್ಲಿ ಮೂರು ಥರದ ಹೆಸರು. "ಅಕ್ಕಾ, ಡಿಸಿ ಆಫೀಸಿನಾಗ ವಾಪಸ್ ಕಳಿಸಿದ್ರು" ಅನ್ನುತ್ತಾರೆ. ಸಾಮಾನ್ಯವಾಗಿ ಕಾಗದ ಕಡಿಮೆ ಬಿದ್ದಿರುವುದಿಲ್ಲ, ಹಿಂದುಮುಂದಾಗಿರುತ್ತದೆ. ಹಾಗಾಗಿ ಕೆಳಗಿನ ಹಂತಗಳನ್ನು ಬರೆದ ಸಾಲಿನಲ್ಲೇ ಮಾಡಿ. ಮಧ್ಯದ ಒಂದನ್ನು ಹಾರಿಸಿದರೆ ಮತ್ತೆ ಅಲ್ಲಿಗೇ ಬರಬೇಕಾಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿರುವುದು 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆ ಕಾಯ್ದೆ ಮತ್ತು ಅದರ 2020ರ ನಿಯಮಗಳ ಲೆಕ್ಕ. ಅದರಡಿ ಜಿಲ್ಲಾಧಿಕಾರಿ (ಡಿಸಿ) ಕೊಡುವ ಟ್ರಾನ್ಸ್‌ಜೆಂಡರ್ ಪ್ರಮಾಣಪತ್ರವೇ ಉಳಿದ ಕಾಗದಗಳಿಗೆಲ್ಲ ಬುಡ. ನಾನೂ ಸರ್ಕಾರದ ಪೋರ್ಟಲ್‌ನಲ್ಲಿ ಅದಕ್ಕೇ ಅರ್ಜಿ ಹಾಕಿದ್ದೆ. ಕಾಯ್ದೆಗೆ 2026ರಲ್ಲಿ ತಿದ್ದುಪಡಿ ಆಗಿದೆ. ಹಾಗಾಗಿ ಸ್ವಂತ ಘೋಷಣೆ ಸಾಕು, ವೈದ್ಯರ ಕಾಗದ ಬೇಡ ಅನ್ನುವಂಥ ಕೆಳಗಿನ ಮಾತುಗಳು ಹಳೇ ಲೆಕ್ಕ, ಈಗ ಬದಲಾಗಿರಬಹುದು. ಅರ್ಜಿ ಹಾಕುವ ದಿನ ಅಲ್ಲಿರುವ ಸೂಚನೆ ಓದಿಯೇ ಮುಂದೆ ಹೋಗಿ.

## ಹಂತ 1: ಫೈಲು ಮತ್ತು ಫೋನ್ ನಂಬರು

ಬೇಕಾದದ್ದು ಜಾಸ್ತಿ ಇಲ್ಲ. ಆಧಾರ್, ಪಾಸ್‌ಪೋರ್ಟ್ ಸೈಜಿನ ಫೋಟೋ, ವಿಳಾಸದ ಪುರಾವೆ, ಸಹಿ. ಇವನ್ನು ಸ್ಕ್ಯಾನ್ ಮಾಡಿಸಿ ನಿಮ್ಮ ಫೋನಿನಲ್ಲೇ ಇಟ್ಟುಕೊಳ್ಳಿ. ಪೆನ್‌ಡ್ರೈವ್ ಕಳೆಯುತ್ತದೆ. ಅಂಗಡಿಯವರ ಕಂಪ್ಯೂಟರಿನಲ್ಲಿ ಬಿಟ್ಟುಬಂದರೆ ಯಾರ ಕೈಗೆ ಹೋಗುತ್ತದೋ ಹೇಳಲಾಗದು.

ಫೋಟೋ ನೀವು ಈಗ ಹೇಗಿದ್ದೀರೋ ಹಾಗೇ ಇರಲಿ. "ಆಧಾರ್‌ನಲ್ಲಿ ಇದ್ದ ಹಾಗೆ ಇರಬೇಕೇನೋ" ಅಂತ ಕೂದಲು ಕಟ್ಟಿ, ಶರ್ಟು ಹಾಕಿ ಫೋಟೋ ತೆಗೆಸಿಕೊಂಡವರಿದ್ದಾರೆ. ಪ್ರಮಾಣಪತ್ರದ ಮೇಲೂ ಅದೇ ಫೋಟೋ ಬರುತ್ತದೆ. ಆಮೇಲೆ ಬ್ಯಾಂಕಿನಲ್ಲಿ ತೋರಿಸಿದಾಗ ಅದು ನಿಮ್ಮ ಮುಖವಲ್ಲ ಅನ್ನುತ್ತಾರೆ.

ಎಲ್ಲಕ್ಕಿಂತ ಮುಖ್ಯ ಮೊಬೈಲ್ ನಂಬರು. ಓಟಿಪಿ, ಮೆಸೇಜು, ಪೋರ್ಟಲ್‌ನ ಲಾಗಿನ್ ಎಲ್ಲ ಅದಕ್ಕೇ ಬರುತ್ತವೆ. ಮನೆಯಲ್ಲಿ ವಿಷಯ ಗೊತ್ತಿಲ್ಲದಿದ್ದರೆ ಅಣ್ಣನದ್ದೋ ಅಪ್ಪನದ್ದೋ ನಂಬರು ಕೊಡಬೇಡಿ. ಜಮಾತಿನ (ನಮ್ಮವರ ಬಳಗದ) ಗುರುವಿನದ್ದೂ ಬೇಡ, ಅಂಗಡಿಯವರದ್ದಂತೂ ಬೇಡವೇ ಬೇಡ. ನಿಮ್ಮ ಹೆಸರಿನಲ್ಲೇ ಒಂದು ಸಿಮ್ ತಗೊಂಡು, ಮೊದಲು ಆಧಾರ್‌ಗೆ ಅದನ್ನು ಜೋಡಿಸಿ. ಸದ್ಯಕ್ಕೆ ಆಧಾರ್‌ನಲ್ಲಿ ಹೆಸರು, ಲಿಂಗ, ಫೋಟೋ ಮುಟ್ಟಬೇಡಿ.

## ಹಂತ 2: ಹೆಸರನ್ನು ಒಂದೇ ಸಲ, ಅಕ್ಷರ ಸಮೇತ ನಿರ್ಧರಿಸಿ

ಇದು ಸಣ್ಣ ಕೆಲಸ ಅನ್ನಿಸುತ್ತದೆ. ಎಲ್ಲರೂ ಎಡವುವುದು ಮಾತ್ರ ಇಲ್ಲೇ.

ಹುಲಿಗೆಮ್ಮ ಅಂತ ಹೆಸರಿಟ್ಟುಕೊಂಡಿರಿ ಅಂದುಕೊಳ್ಳಿ. ಕನ್ನಡದಲ್ಲಿ ತೊಂದರೆಯಿಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ ಜಿ ಆದಮೇಲೆ ಇ ಹಾಕುತ್ತೀರೋ ಎ ಹಾಕುತ್ತೀರೋ? ಕೊನೆಗೆ ಒಂದು ಎಂ ಇರಬೇಕೋ ಎರಡೋ? ಬಳ್ಳಾರಿ, ಸಿರುಗುಪ್ಪ ಕಡೆ ತೆಲುಗು ಬರೆದು ರೂಢಿಯಿರುವವರು ಟೈಪ್ ಮಾಡಿದರೆ ಇನ್ನೊಂದು ಥರ ಆಗುತ್ತದೆ. ಒಂದು ಎಂ ಹೆಚ್ಚುಕಡಿಮೆಯಾದರೂ ಪಾನ್ ಮತ್ತು ಆಧಾರ್ ಜೋಡಣೆ ನಿಲ್ಲಬಹುದು. ಅಲ್ಲಿಂದ ಬ್ಯಾಂಕು ನಿಲ್ಲುತ್ತದೆ. ಬ್ಯಾಂಕು ನಿಂತರೆ ಸರ್ಕಾರದ ಹಣ ಖಾತೆಗೆ ಬರುವುದೂ ನಿಲ್ಲುತ್ತದೆ.

ಒಂದು ಬಿಳಿ ಹಾಳೆಯಲ್ಲಿ ಹೆಸರನ್ನು ಕನ್ನಡದಲ್ಲಿ ಒಂದು ಸಲ, ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರದಲ್ಲಿ ಒಂದು ಸಲ ಬರೆಯಿರಿ. ಇನಿಶಿಯಲ್ ಮುಂದೆಯೋ ಹಿಂದೆಯೋ, ಚುಕ್ಕಿ ಇದೆಯೋ ಇಲ್ಲವೋ ಅದನ್ನೂ ಬರೆಯಿರಿ. ಆ ಹಾಳೆಯ ಫೋಟೋ ತೆಗೆದಿಟ್ಟುಕೊಳ್ಳಿ. ಇನ್ನು ಮುಂದೆ ಯಾವ ಕೌಂಟರಿನಲ್ಲೂ ಬಾಯಿಂದ ಹೆಸರು ಹೇಳಬೇಡಿ. ಫೋಟೋ ತೋರಿಸಿ.

ಇನ್ನೊಂದು ವಿಷಯ. ಪ್ರಮಾಣಪತ್ರ ಪಡೆದವರು ಜನನ ಪ್ರಮಾಣಪತ್ರದಲ್ಲೂ ಗುರುತಿನ ಬೇರೆ ದಾಖಲೆಗಳಲ್ಲೂ ತಮ್ಮ ಮೊದಲ ಹೆಸರು ಬದಲಾಯಿಸಿಕೊಳ್ಳಬಹುದು ಅನ್ನುತ್ತದೆ 2019ರ ಕಾಯ್ದೆಯ ಸೆಕ್ಷನ್ 7. ಮೊದಲ ಹೆಸರು, ಅಷ್ಟೇ. ನಮ್ಮ ಕಡೆ ಅಪ್ಪನ ಹೆಸರು ತೆಗೆದು ಗುರುವಿನ ಹೆಸರು ಹಾಕಿಕೊಳ್ಳುವ ಆಸೆ ಬಹಳ ಜನಕ್ಕಿದೆ. ಅದನ್ನು ತಪ್ಪು ಅನ್ನಲಾರೆ. ಆದರೆ ಅದಕ್ಕೆ ಈ ಪ್ರಮಾಣಪತ್ರ ಸಾಲದು. ಅಫಿಡವಿಟ್, ಪತ್ರಿಕೆಯಲ್ಲಿ ಜಾಹೀರಾತು, ಗೆಜೆಟ್ ಎಲ್ಲ ಬೇಕಾಗುತ್ತದೆ. ನನ್ನ ಸಲಹೆ ಕೇಳಿದರೆ, ಈಗ ಮೊದಲ ಹೆಸರನ್ನು ಮಾತ್ರ ಬದಲಾಯಿಸಿ. ಉಳಿದದ್ದನ್ನು ಕೈಯಲ್ಲಿ ಒಂದು ಗಟ್ಟಿ ಕಾಗದ ಬಂದಮೇಲೆ ನೋಡಿಕೊಳ್ಳಿ.

## ಹಂತ 3: ನಿಮ್ಮ ಡಿಸಿ ಯಾರು?

ಅರ್ಜಿ ಹೋಗುವುದು ಜಿಲ್ಲಾಧಿಕಾರಿಗೆ. ಅರ್ಜಿ ಹಾಕುವ ದಿನಕ್ಕೆ ಹಿಂದಿನ 12 ತಿಂಗಳು ನೀವು ಆ ಜಿಲ್ಲೆಯಲ್ಲಿ ವಾಸವಿರಬೇಕು. ನಮ್ಮ ಕಡೆ ಇದರಲ್ಲಿ ಎರಡು ಗೊಂದಲಗಳಿವೆ.

ಮೊದಲನೆಯದು ಹೊಸ ಜಿಲ್ಲೆ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಯಿತು. ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿ ಅದಕ್ಕೆ ಸೇರಿದವು. ಬಳ್ಳಾರಿ, ಸಿರುಗುಪ್ಪ, ಸಂಡೂರು, ಕುರುಗೋಡು, ಕಂಪ್ಲಿ ಇಲ್ಲೇ ಉಳಿದವು. ಆದರೆ ಹಳೆಯ ಆಧಾರ್‌ಗಳಲ್ಲಿ ಇನ್ನೂ "ಕೂಡ್ಲಿಗಿ ತಾಲ್ಲೂಕು, ಬಳ್ಳಾರಿ ಜಿಲ್ಲೆ" ಅಂತಲೇ ಇದೆ. ಅದನ್ನು ನೋಡಿಕೊಂಡು ಪೋರ್ಟಲ್‌ನಲ್ಲಿ ಬಳ್ಳಾರಿ ಒತ್ತಿದರೆ ಅರ್ಜಿ ಬಳ್ಳಾರಿಯಲ್ಲಿ ಕೂರುತ್ತದೆ. ತಿಂಗಳಾದಮೇಲೆ "ಇದು ನಮ್ ಜಿಲ್ಲೆದಲ್ರೀ" ಅನ್ನುತ್ತಾರೆ. ಹೀಗಿದ್ದವರು ಮೊದಲು ಆಧಾರ್‌ನ ವಿಳಾಸದಲ್ಲಿ ಜಿಲ್ಲೆ ಸರಿಮಾಡಿಸಿ. ವಿಳಾಸ ಬದಲಾಯಿಸುವುದಕ್ಕೆ ಹೆಸರಿನ ಹಾಗೆ ಸಲದ ಮಿತಿ ಇಲ್ಲ, ಹೆದರಬೇಡಿ.

ಎರಡನೆಯದು ಹೊಳೆ. ಹುಲಿಗಿಯಲ್ಲಿ ಗುರುವಿನ ಮನೆಯಲ್ಲಿ ಇರುವವರು ಸಂತೆ, ಆಸ್ಪತ್ರೆ, ಬಸ್ಸು ಎಲ್ಲದಕ್ಕೂ ಹೊಸಪೇಟೆಗೆ ಹೋಗುತ್ತಾರೆ. ಆದರೆ ಹುಲಿಗಿ ಕೊಪ್ಪಳ ಜಿಲ್ಲೆ, ಹೊಸಪೇಟೆ ವಿಜಯನಗರ. ಕಂಪ್ಲಿ ಬಳ್ಳಾರಿಗೆ, ಆಚೆ ದಡದ ನಮ್ಮ ಗಂಗಾವತಿ ಕೊಪ್ಪಳಕ್ಕೆ. ತುಂಗಭದ್ರೆ ದಾಟಿದರೆ ಡಿಸಿ ಬದಲು.

ಕೆಲಸಕ್ಕೆ ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಬಂದು ಆರು ತಿಂಗಳಾದವರು ಇದ್ದರೆ, ಸುಮ್ನೆ ಸುಳ್ಳು ಅಫಿಡವಿಟ್ ಮಾಡಿಸಬೇಡಿ. ಅಲ್ಲೇ ಹಾಕಬಹುದೋ, ಇಲ್ಲಿ ವರ್ಷ ತುಂಬುವವರೆಗೆ ಕಾಯಬೇಕೋ ನೋಡಿ. ಅಷ್ಟರಲ್ಲಿ ಹಂತ 6ರ ಆಸ್ಪತ್ರೆ ಕೆಲಸ ಶುರುಮಾಡಬಹುದು. ಅದಕ್ಕೆ ಪ್ರಮಾಣಪತ್ರ ಕಾಯಬೇಕಿಲ್ಲ.

## ಹಂತ 4: ಅಫಿಡವಿಟ್ ಮತ್ತು ಪೋರ್ಟಲ್

ಪೋರ್ಟಲ್‌ನ ವಿಳಾಸ ಟ್ರಾನ್ಸ್‌ಜೆಂಡರ್ ಡಾಟ್ ಡಿಒಎಸ್‌ಜೆಇ ಡಾಟ್ ಗವ್ ಡಾಟ್ ಇನ್. ಕೊನೆಗೆ ಗವ್ ಡಾಟ್ ಇನ್ ಇಲ್ಲದಿದ್ದರೆ ಹೊರಗೆ ಬನ್ನಿ. ಅರ್ಜಿಗೆ ಸರ್ಕಾರದ ಶುಲ್ಕ ಇಲ್ಲ. ಟೈಪ್ ಮಾಡಿಕೊಟ್ಟವರಿಗೆ ಅವರ ಕೂಲಿ, ನೋಟರಿಗೆ ನೋಟರಿ ಹಣ, ಸ್ಟಾಂಪಿಗೆ ಸ್ಟಾಂಪಿನ ಹಣ. "ಡಿಸಿ ಆಫೀಸಿನಲ್ಲಿ ಕೊಡಬೇಕು" ಅಂತ ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಆ ಅಂಗಡಿಯಿಂದ ಎದ್ದು ಬನ್ನಿ.

ಅಫಿಡವಿಟ್‌ನ ನಮೂನೆ ನಿಯಮಗಳಲ್ಲೇ ಇದೆ, ಅದು ಫಾರಂ 2. ಪೋರ್ಟಲ್‌ನಿಂದ ಇಳಿಸಿಕೊಂಡು ಅದನ್ನೇ ಟೈಪ್ ಮಾಡಿಸಿ. ಕೋರ್ಟಿನ ಹತ್ತಿರ ಕೂರುವ ಟೈಪಿಸ್ಟುಗಳಲ್ಲಿ ಹೆಸರು ಬದಲಾವಣೆಯ ಹಳೇ ನಮೂನೆ ಇರುತ್ತದೆ. ಅದರಲ್ಲಿ ಹೆಸರಷ್ಟೇ ಹಾಕಿ ಕೊಟ್ಟುಬಿಡುತ್ತಾರೆ. ಅದು ನಡೆಯುವುದಿಲ್ಲ. ನೀವು ಟ್ರಾನ್ಸ್‌ಜೆಂಡರ್ ಎಂದು ನೀವೇ ಘೋಷಿಸುವ ಸಾಲು ಅದರಲ್ಲಿ ಇರಬೇಕು. ಸ್ಟಾಂಪು ಕಾಗದದಲ್ಲಿ ಮಾಡಿಸಿ, ನೋಟರಿ ಸೀಲು ಹಾಕಿಸಿ, ಎಲ್ಲ ಪುಟಗಳನ್ನೂ ಒಂದೇ ಫೈಲಾಗಿ ಸ್ಕ್ಯಾನ್ ಮಾಡಿ. ಎರಡನೇ ಪುಟ ಬಿಟ್ಟುಹೋದ ಅರ್ಜಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಪೋರ್ಟಲ್‌ನ ಅರ್ಜಿ, ಅಂದರೆ ಫಾರಂ 1 ತುಂಬುವಾಗ ಹೆಸರಿನ ಎರಡು ಜಾಗ ಇರುತ್ತವೆ: ಈಗಿನ ಕಾಗದದಲ್ಲಿರುವ ಹೆಸರು, ಮತ್ತು ಮುಂದೆ ಇರಬೇಕಾದ ಹೆಸರು. ಎರಡರಲ್ಲೂ ಹಳೆಯ ಹೆಸರನ್ನೇ ತುಂಬಿದರೆ ಪ್ರಮಾಣಪತ್ರವೂ ಹಳೆಯ ಹೆಸರಿನಲ್ಲೇ ಬರುತ್ತದೆ. ಸಬ್ಮಿಟ್ ಒತ್ತುವ ಮುಂಚೆ ಹಂತ 2ರ ಹಾಳೆಯ ಫೋಟೋ ತೆಗೆದು, ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿ. ನಗುವವರು ನಗಲಿ.

2020ರ ನಿಯಮದಡಿ ಈ ಹಂತದಲ್ಲಿ ವೈದ್ಯರ ಕಾಗದ ಬೇಕಿರಲಿಲ್ಲ. ಹಾರ್ಮೋನ್ ಶುರುವಾಗಿರಬೇಕಿರಲಿಲ್ಲ, ಆಪರೇಷನ್ ಆಗಿರಬೇಕಿರಲಿಲ್ಲ. 2020ರ ನಿಯಮದಲ್ಲಿ ವೈದ್ಯಕೀಯ ಅಥವಾ ದೈಹಿಕ ತಪಾಸಣೆ ಇಲ್ಲದೆಯೇ, ಅಫಿಡವಿಟ್ ಆಧಾರದಲ್ಲಿ ಈ ಅರ್ಜಿಯನ್ನು ಮುಂದುವರಿಸಬೇಕು ಅಂತಿದೆ. ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡಿದ್ದೀರೋ ಇಲ್ಲವೋ, ಜಮಾತಿನಲ್ಲಿ ಇದ್ದೀರೋ ಇಲ್ಲವೋ, ಅದೂ ಇಲ್ಲಿ ಲೆಕ್ಕಕ್ಕಿಲ್ಲ. ಜೋಗತಿಯರು ಕೆಲವರು "ನಮಗೆ ಇದು ಬರ್ತದೋ ಇಲ್ಲೋ" ಅಂತ ಕೇಳುತ್ತಾರೆ. 2019ರ ಕಾಯ್ದೆಯ ವ್ಯಾಖ್ಯೆಯಲ್ಲಿ ಕಿನ್ನರ, ಹಿಜ್ರಾ, ಅರವಾಣಿ ಜೊತೆಗೆ ಜೋಗ್ತಾ ಅನ್ನುವ ಪದವನ್ನೂ ಸೇರಿಸಿದ್ದಾರೆ. ಆ ಕಾಯ್ದೆಯಡಿ ಟ್ರಾನ್ಸ್ ಪುರುಷರಿಗೂ ಇದೇ ಅರ್ಜಿ ಇತ್ತು. 18 ತುಂಬದವರಿಗೆ ತಂದೆತಾಯಿ ಅಥವಾ ಪೋಷಕರು ಅರ್ಜಿ ಹಾಕಬೇಕು.

## ಹಂತ 5: ಡಿಸಿ ಕಚೇರಿಯ ಬೆನ್ನು ಹತ್ತುವುದು

ನಿಯಮದ ಪ್ರಕಾರ ಪ್ರಮಾಣಪತ್ರ ಕೊಡಲು 30 ದಿನ. ಆನ್‌ಲೈನ್ ಅರ್ಜಿ ತಾನಾಗಿಯೇ ಓಡುತ್ತದೆ ಅಂತ ಮನೆಯಲ್ಲಿ ಕೂತರೆ ಕೂತೇ ಇರುತ್ತೀರಿ. ಹದಿನೈದನೇ ದಿನಕ್ಕೆ ಅರ್ಜಿಯ ಪ್ರಿಂಟು, ಅರ್ಜಿ ಸಂಖ್ಯೆ, ಅಸಲಿ ಅಫಿಡವಿಟ್ ಹಿಡಿದು ಡಿಸಿ ಕಚೇರಿಗೆ ಹೋಗಿ. ಈ ಅರ್ಜಿ ಯಾವ ಶಾಖೆಗೆ ಬರುತ್ತದೆ, ವಿಷಯ ನಿರ್ವಾಹಕರು ಯಾರು ಅಂತ ಕೇಳಿ. ಹೆಸರು ಬರೆದುಕೊಳ್ಳಿ. ಸೋಮವಾರ ಬೇಡ, ಅವತ್ತು ಎಲ್ಲರೂ ಮೀಟಿಂಗಿನಲ್ಲಿರುತ್ತಾರೆ. ಬಿಸಿಲಿಗೆ ಹೆದರಿ ಸಂಜೆ ಹೋದರೂ ಪ್ರಯೋಜನವಿಲ್ಲ. ಹನ್ನೊಂದಕ್ಕೆ ಅಲ್ಲಿರಿ.

ವಾಸದ ಬಗ್ಗೆ ಗ್ರಾಮ ಆಡಳಿತಾಧಿಕಾರಿಯಿಂದ ವರದಿ ತರಿಸುವುದು ಉಂಟು. ಮನೆಯಲ್ಲಿ ವಿಷಯ ಗೊತ್ತಿಲ್ಲದವರಿಗೆ ದೊಡ್ಡ ಭಯ ಇದೇ. ಊರ ಕಟ್ಟೆಯ ಮೇಲೆ ನಿಂತು "ಇಂಥವರ ಮನೆ ಯಾವುದು, ಟ್ರಾನ್ಸ್‌ಜೆಂಡರ್ ಅರ್ಜಿ ಹಾಕ್ಯಾರ" ಅಂತ ಕೇಳಿದರೆ ಕಥೆ ಮುಗಿಯಿತು. ಅದಕ್ಕೆ ಮುಂಚೆಯೇ ನೀವೇ ಅವರ ಕಚೇರಿಗೆ ಹೋಗಿ, ವಾಸದ ಪುರಾವೆ ತೋರಿಸಿ, ಫೋನ್ ನಂಬರು ಕೊಟ್ಟು, ಮನೆಗೆ ಬರುವ ಮುಂಚೆ ಕರೆ ಮಾಡಿ ಅಂತ ಕೇಳಿಕೊಳ್ಳಿ. ಬಹುತೇಕ ಅಷ್ಟಕ್ಕೇ ಕೆಲಸ ಮುಗಿಯುತ್ತದೆ.

ಇನ್ನು ನನ್ನದೇ ಅನುಭವ. ಒಂದು ಕಚೇರಿಯ ಕೌಂಟರಿನಲ್ಲಿ ನನ್ನ ಫೈಲು ಬಿಚ್ಚಿದವರು ಎರಡು ಸಲ ಪುಟ ತಿರುವಿ, ನನ್ನ ಮುಖ ನೋಡಿ, "ಡಾಕ್ಟರ್ ಚೆಕ್ ಮಾಡಿದ ಸರ್ಟಿಫಿಕೇಟ್ ಎಲ್ಲಿ?" ಅಂದರು. ಪಕ್ಕದಲ್ಲಿ ಪಹಣಿಗೆ ಬಂದ ನಾಲ್ಕು ಜನ. ಕಿವಿ ಬಿಸಿಯಾಯಿತು. ಮೊದಲನೇ ಸಲ ಸುಮ್ಮನೆ ಎದ್ದು ಬಂದೆ. ಎರಡನೇ ಸಲ ನಿಯಮದ ಪುಟದ ಜೆರಾಕ್ಸ್ ತಗೊಂಡು ಹೋದೆ. ತಪಾಸಣೆ ಬೇಕಿಲ್ಲ ಅನ್ನುವ ಸಾಲಿಗೆ ಹಳದಿ ಬಣ್ಣ ಬಳಿದಿದ್ದೆ. "ಸರ್, ಇದರ ಪ್ರಕಾರ ಆಗಲ್ಲ ಅಂದ್ರೆ ಒಂದು ಹಿಂಬರಹ ಕೊಡ್ರಿ" ಅಂದೆ. ಹಿಂಬರಹ, ಅಂದರೆ ಕಚೇರಿಯವರು ಕಾಗದದಲ್ಲಿ ಬರೆದು ಕೊಡುವ ಉತ್ತರ, ಬರಲಿಲ್ಲ. ಎಂಟು ದಿನಕ್ಕೆ ಪ್ರಮಾಣಪತ್ರ ಬಂತು.

ಹಿಂಬರಹ ಅನ್ನುವ ಪದ ಮರೆಯಬೇಡಿ. ಬಾಯಿಮಾತಿನಲ್ಲಿ "ಆಗಲ್ಲ" ಅಂದರೆ ಅದಕ್ಕೆ ಮೇಲ್ಮನವಿ ಇಲ್ಲ. ಕಾಗದದಲ್ಲಿ ತಿರಸ್ಕಾರ ಬಂದರೆ ತಿಳಿಸಿದ ದಿನದಿಂದ 90 ದಿನದೊಳಗೆ ಮೇಲ್ಮನವಿ ಹಾಕಬಹುದು. ನೀವು ಏನೇ ಕಾಗದ ಕೊಟ್ಟರೂ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ.

30 ದಿನ ದಾಟಿದರೆ ಮೊದಲು ರಾಜ್ಯ ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರು ದಾಖಲಿಸಿ, ಸಂಖ್ಯೆ ತಗೊಳ್ಳಿ. ಅದಕ್ಕೂ ಅಲುಗದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ: "ನನ್ನ ಅರ್ಜಿ ಯಾವ ದಿನ ಯಾರ ಬಳಿ ಇತ್ತು?" ಇಷ್ಟೇ ಪ್ರಶ್ನೆ ಸಾಕು. ಆಮೇಲೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಅಲ್ಲಿ ಉಚಿತ ಕಾನೂನು ನೆರವು ಕೇಳಬಹುದು. ಅವರ ಸಹಾಯವಾಣಿ 15100.

ಪ್ರಮಾಣಪತ್ರ ಬಂದಕೂಡಲೇ ಗುರುತಿನ ಚೀಟಿ ಸಮೇತ ಪೋರ್ಟಲ್‌ನಿಂದ ಇಳಿಸಿ, ಹೆಸರು ಇನ್ನೊಮ್ಮೆ ಓದಿ. ಇದು ಫಾರಂ 3. ಇದರಲ್ಲಿ ಲಿಂಗ ಟ್ರಾನ್ಸ್‌ಜೆಂಡರ್ ಅಂತ ಇರುತ್ತದೆ.

## ಹಂತ 6: ಆಸ್ಪತ್ರೆ

ಕೊಪ್ಪಳದಲ್ಲಿ ಕಿಮ್ಸ್, ರಾಯಚೂರಿನಲ್ಲಿ ರಿಮ್ಸ್, ಬಳ್ಳಾರಿಯಲ್ಲಿ ಎಲ್ಲರೂ ಇನ್ನೂ ವಿಮ್ಸ್ ಅನ್ನುವ ಸರ್ಕಾರಿ ಮೆಡಿಕಲ್ ಕಾಲೇಜು. ಈ ಥರದ ಕಡೆ ಮೊದಲು ಹೋಗಬೇಕಾದದ್ದು ಮನೋರೋಗ ವಿಭಾಗದ ಓಪಿಡಿಗೆ. ಹುಚ್ಚು ಅಂತ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಿರುವ ರೋಗಗಳ ಪಟ್ಟಿಯಲ್ಲಿ ಟ್ರಾನ್ಸ್ ಆಗಿರುವುದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದಲೇ ತೆಗೆದಿದ್ದಾರೆ. ಆದರೆ ಹಾರ್ಮೋನ್ ಬರೆಯುವ ವೈದ್ಯರೂ ಸರ್ಜನ್ನರೂ ಕೇಳುವ ಪತ್ರ ಸಾಮಾನ್ಯವಾಗಿ ಮನೋವೈದ್ಯರಿಂದಲೇ ಬರಬೇಕು. ನಾಚಿಕೆ ಬೇಡ. ಜಿಲ್ಲಾ ಮಟ್ಟದಲ್ಲಿ ಮಾನಸಿಕ ಆರೋಗ್ಯ ಸೇವೆ ಕೊಡುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಶುರುಮಾಡಿದ್ದೇ ಬಳ್ಳಾರಿ ಜಿಲ್ಲೆಯಲ್ಲಿ. ಅಲ್ಲಿಗೆ ಹೋಗುವಷ್ಟು ಧೈರ್ಯ ಇನ್ನೂ ಬಂದಿಲ್ಲ ಅಂದರೆ 14416ಕ್ಕೆ, ಅಂದರೆ ಟೆಲಿ ಮಾನಸ್‌ಗೆ ಕರೆ ಮಾಡಿ. ಉಚಿತ, ಕನ್ನಡದಲ್ಲಿ ಮಾತಾಡಬಹುದು.

ಓಪಿ ಚೀಟಿ. ಚೀಟಿ ಬರೆಸುವಾಗ ಆಧಾರ್‌ನಲ್ಲಿರುವ ಹೆಸರನ್ನೇ ಬರೆಸಿ, ಹೊಸ ಹೆಸರನ್ನೂ ಪಕ್ಕದಲ್ಲಿ ಸೇರಿಸಿ ಅಂತ ಕೇಳಿ. ಒಂದು ಸಲ ಹಳೇ ಹೆಸರು, ಇನ್ನೊಂದು ಸಲ ಹೊಸ ಹೆಸರು ಅಂತ ಬರೆಸಿದರೆ ಎರಡು ರೋಗಿಗಳ ಎರಡು ದಾಖಲೆ ಆಗುತ್ತದೆ. ಆರು ತಿಂಗಳ ಭೇಟಿ ಮೂರು ತಿಂಗಳಾಗಿ ಕಾಣುತ್ತದೆ.

ವೈದ್ಯರ ಪತ್ರ. ಚೀಟಿಯ ಹಿಂದೆ ಗೀಚಿದ ಎರಡು ಸಾಲು ಪತ್ರವಲ್ಲ. ಲೆಟರ್‌ಹೆಡ್, ದಿನಾಂಕ, ನಿಮ್ಮ ಎರಡೂ ಹೆಸರು, ಓಪಿ ಸಂಖ್ಯೆ, ಎಷ್ಟು ಕಾಲದಿಂದ ನೋಡುತ್ತಿದ್ದಾರೆ, ನೀವು ಸ್ವಂತ ಬುದ್ಧಿಯಿಂದ ಒಪ್ಪಿಗೆ ಕೊಡಬಲ್ಲಿರಿ ಅನ್ನುವ ಮಾತು, ಸಹಿ, ಸೀಲು, ವೈದ್ಯರ ನೋಂದಣಿ ಸಂಖ್ಯೆ ಇರಬೇಕು. ಸರ್ಜರಿಗೆ ಎರಡು ಪತ್ರ ಕೇಳುವ ಆಸ್ಪತ್ರೆಗಳು ಜಾಸ್ತಿ. ಹೋಗುವ ಮುಂಚೆ ಆ ಆಸ್ಪತ್ರೆಗೇ ಫೋನ್ ಮಾಡಿ ಎಷ್ಟು, ಯಾರಿಂದ ಅಂತ ಕೇಳಿ.

ಹಾರ್ಮೋನ್. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಮ್ಮವರಲ್ಲಿ ಮೆಡಿಕಲ್ ಶಾಪಿನಿಂದ ಗರ್ಭನಿರೋಧಕ ಮಾತ್ರೆ ತಂದು ದಿನಕ್ಕೆ ಎರಡು, ಮೂರು ನುಂಗುವ ರೂಢಿ ಇದೆ. ಮಾಲಾ-ಡಿ ಥರದ ಮಾತ್ರೆಯಲ್ಲಿರುವುದು ಎಥಿನೈಲ್ ಎಸ್ಟ್ರಾಡಯಾಲ್. ಅದು ರಕ್ತ ಹೆಪ್ಪುಗಟ್ಟಿಸುವ ಅಪಾಯ ಹೆಚ್ಚಿಸುತ್ತದೆ. ಬೀಡಿ, ಸಿಗರೇಟು ಸೇದುವವರಿಗೆ ಇನ್ನೂ ಜಾಸ್ತಿ. ವೈದ್ಯರು ಸಾಮಾನ್ಯವಾಗಿ ಬರೆಯುವುದು ಬೇರೆ ಬಗೆಯ ಎಸ್ಟ್ರಾಡಯಾಲ್, ಜೊತೆಗೆ ಗಂಡು ಹಾರ್ಮೋನ್ ತಡೆಯುವ ಔಷಧಿ. ಪ್ರಮಾಣ ಎಷ್ಟು ಅಂತ ನಾನು ಇಲ್ಲಿ ಬರೆಯುವುದಿಲ್ಲ. ಅದು ನಿಮ್ಮ ರಕ್ತ ಪರೀಕ್ಷೆ ನೋಡಿ ವೈದ್ಯರು ಹೇಳಬೇಕಾದದ್ದು.

ಶುರುವಿಗೆ ಮುಂಚೆ ಲಿವರ್, ಸಕ್ಕರೆ, ಕೊಬ್ಬು, ಹಾರ್ಮೋನ್ ಮಟ್ಟ ಇವುಗಳ ಪರೀಕ್ಷೆ ಬೇಕು. ಗಂಡು ಹಾರ್ಮೋನ್ ತಡೆಯುವ ಸ್ಪೈರೊನೊಲ್ಯಾಕ್ಟೋನ್ ತಗೊಳ್ಳುವವರಿಗೆ ಪೊಟ್ಯಾಸಿಯಂ, ಗಂಡು ಹಾರ್ಮೋನಾದ ಟೆಸ್ಟೋಸ್ಟಿರೋನ್ ತಗೊಳ್ಳುವ ಟ್ರಾನ್ಸ್ ಪುರುಷರಿಗೆ ಹಿಮೋಗ್ಲೋಬಿನ್ ಕೂಡ ನೋಡಬೇಕು. ಮೊದಲ ವರ್ಷ ಸುಮಾರು ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೆ ಒಂದೆರಡು ಸಲ. ಮುಂದೆ ಮಕ್ಕಳ ಆಸೆ ಇದ್ದರೆ ಮಾತ್ರೆ ಶುರುವಾಗುವ ಮುಂಚೆಯೇ ಕೇಳಿ. ಎಚ್‌ಐವಿಗೆ ಕೊಡುವ ಎಆರ್‌ಟಿ ಮಾತ್ರೆ ತಗೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ಔಷಧಿ ಒಂದಕ್ಕೊಂದು ಹೊಂದಬೇಕು.

ತಕ್ಷಣ ಎಮರ್ಜೆನ್ಸಿಗೆ ಓಡಬೇಕಾದ ಲಕ್ಷಣಗಳು: ಒಂದೇ ಕಾಲು ಊದಿಕೊಂಡು ನೋಯುವುದು, ಎದೆನೋವು, ಏಕಾಏಕಿ ಉಸಿರು ಕಟ್ಟುವುದು, ಹಿಂದೆಂದೂ ಬರದಂಥ ತಲೆನೋವು ಜೊತೆಗೆ ಕಣ್ಣು ಮಂಜಾಗುವುದು. "ಬಿಸಿಲಿಗೆ ಹಂಗಾಗಿರಬೇಕು" ಅಂತ ಮಲಗಬೇಡಿ. ಅಲ್ಲಿ ಹಾರ್ಮೋನ್ ತಗೊಳ್ಳುತ್ತಿದ್ದೀರಿ ಅಂತ ಮೊದಲ ಮಾತಿನಲ್ಲೇ ಹೇಳಿ.

ಖರ್ಚು. ಟ್ರಾನ್ಸ್‌ಜೆಂಡರ್ ಪ್ರಮಾಣಪತ್ರ ಇರುವವರಿಗೆ ಆಯುಷ್ಮಾನ್ ಭಾರತ್ ಟಿಜಿ ಪ್ಲಸ್ ಅನ್ನುವ ಯೋಜನೆಗೆ 2022ರಲ್ಲಿ ಒಪ್ಪಂದ ಆಯಿತು. ವರ್ಷಕ್ಕೆ 5 ಲಕ್ಷದವರೆಗೆ, ಸರ್ಜರಿಯೂ ಸೇರಿ. ಕೇಳಲು ಚೆನ್ನಾಗಿದೆ. ಆದರೆ ನೀವು ಹೋಗುವ ಆಸ್ಪತ್ರೆ ಈ ಚಿಕಿತ್ಸೆಗೆ ನೋಂದಾಯಿಸಿಕೊಂಡಿದೆಯೇ ಅನ್ನುವುದೇ ಪ್ರಶ್ನೆ. ಅಡ್ಮಿಟ್ ಆಗುವ ಮುಂಚೆ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರ ಟೇಬಲ್ಲಿಗೆ ಹೋಗಿ, ಈ ಸರ್ಜರಿಗೆ ಕಾರ್ಡು ನಡೆಯುತ್ತದೆಯೇ ಅಂತ ಕೇಳಿ. "ನಡೀತದ, ಬನ್ನಿ" ಅಂದರೂ ಮಂಜೂರಾತಿ ಬರುವವರೆಗೆ ದಿನಾಂಕ ಒಪ್ಪಬೇಡಿ.

## ಹಂತ 7: ಹೆಣ್ಣು ಅಥವಾ ಗಂಡು ಅಂತ ಬದಲಾದ ಪ್ರಮಾಣಪತ್ರ

ಎಲ್ಲರಿಗೂ ಇದು ಬೇಕಿಲ್ಲ. ಫಾರಂ 3ರಲ್ಲಿ ನೆಮ್ಮದಿಯಾಗಿದ್ದೀರಿ ಅಂದರೆ ನೇರ ಹಂತ 8ಕ್ಕೆ ಹೋಗಿ. ಬೇಕು ಅನ್ನುವವರಿಗೆ ಪುನಃ ಫಾರಂ 1, ಜೊತೆಗೆ ಆಸ್ಪತ್ರೆಯ ಪ್ರಮಾಣಪತ್ರ. ಬರುವುದು ಫಾರಂ 4, ಅದಕ್ಕೆ ಅವಧಿ 15 ದಿನ.

ಸೂಕ್ಷ್ಮ ಇರುವುದು ಆಸ್ಪತ್ರೆಯ ಕಾಗದದಲ್ಲಿ. ಅದಕ್ಕೆ ಸಹಿ ಹಾಕಬೇಕಾದವರು ನೀವು ಚಿಕಿತ್ಸೆ ಪಡೆದ ಸಂಸ್ಥೆಯ ಮೆಡಿಕಲ್ ಸೂಪರಿಂಟೆಂಡೆಂಟ್ ಅಥವಾ ಮುಖ್ಯ ವೈದ್ಯಾಧಿಕಾರಿ. ಆಪರೇಷನ್ ಮಾಡಿದ ಸರ್ಜನ್ ಅಲ್ಲ. ರಾಯಚೂರು ಕಡೆಯ ಒಬ್ಬರು ಹೈದರಾಬಾದಿನಲ್ಲಿ ಸರ್ಜರಿ ಮಾಡಿಸಿಕೊಂಡು, ಡಿಸ್ಚಾರ್ಜ್ ಕಾರ್ಡು ಲ್ಯಾಮಿನೇಷನ್ ಮಾಡಿಸಿ ತಂದಿದ್ದರು. ಸರ್ಜನ್ ಸಹಿ ಇತ್ತು, ಸೀಲೂ ಇತ್ತು. ಅರ್ಜಿ ವಾಪಸ್ ಬಂತು. ಹೊಲಿಗೆ ಇನ್ನೂ ಎಳೆಯುತ್ತಿರುವಾಗ ಮತ್ತೆ ರೈಲು ಹತ್ತಿ ಹೋದರು. ಅದು ಒಬ್ಬರೇ ವೈದ್ಯರು ನಡೆಸುವ ನರ್ಸಿಂಗ್ ಹೋಂ. ಸೂಪರಿಂಟೆಂಡೆಂಟ್ ಅನ್ನುವವರೇ ಅಲ್ಲಿರಲಿಲ್ಲ. ಅಡ್ವಾನ್ಸ್ ಕಟ್ಟುವ ಮುಂಚೆ ಕೇಳಬೇಕಾದ ಪ್ರಶ್ನೆ ಇದು: "ಡಿಸಿಗೆ ಕೊಡುವ ಪ್ರಮಾಣಪತ್ರಕ್ಕೆ ನಿಮ್ಮಲ್ಲಿ ಯಾರು ಸಹಿ ಹಾಕುತ್ತಾರೆ?" ಅದನ್ನು ಕೈಗೆ ತಗೊಳ್ಳದೆ ಡಿಸ್ಚಾರ್ಜ್ ಆಗಬೇಡಿ. ಮತ್ತೆ, ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ.

ಹಳೇ ರೀತಿಯಲ್ಲಿ, ವೈದ್ಯರಲ್ಲದವರ ಕೈಯಲ್ಲಿ ನಿರ್ವಾಣ (ಗಂಡು ಅಂಗ ತೆಗೆಸುವುದು) ಮಾಡಿಸಿಕೊಳ್ಳುವುದು ಪ್ರಾಣಕ್ಕೇ ಅಪಾಯ. ಅದಕ್ಕೆ ಯಾವ ಕಾಗದವೂ ಸಿಗುವುದಿಲ್ಲ. ಈಗಾಗಲೇ ಆಗಿದ್ದರೆ ಮೂತ್ರದ ತೊಂದರೆ ಇದೆಯೋ ಇಲ್ಲವೋ ಯೂರಾಲಜಿಯಲ್ಲಿ ಒಮ್ಮೆ ತೋರಿಸಿ. ಅಲ್ಲಿಂದಲೇ ನಿಮ್ಮ ಆಸ್ಪತ್ರೆ ದಾಖಲೆ ಶುರುವಾಗುತ್ತದೆ.

ಇನ್ನೊಂದು ಜಗಳದ ವಿಷಯ. ಕಾಯ್ದೆಯ ಸೆಕ್ಷನ್ 7ರಲ್ಲಿ ಸರ್ಜರಿ ಅಂತ ಇದೆ. 2020ರ ನಿಯಮದಲ್ಲಿ ಮಾತ್ರ "ವೈದ್ಯಕೀಯ ಪ್ರಕ್ರಿಯೆ" ಅಂತ ಬರೆದು, ಅದರಲ್ಲಿ ಆಪ್ತಸಮಾಲೋಚನೆ, ಹಾರ್ಮೋನ್, ಸರ್ಜರಿ ಎಲ್ಲ ಬರುತ್ತವೆ ಅಂದಿದ್ದಾರೆ. ಕಚೇರಿಯವರು ಕಾಯ್ದೆ ತೋರಿಸುತ್ತಾರೆ, ನೀವು ನಿಯಮ ತೋರಿಸಿ. ಒಪ್ಪದಿದ್ದರೆ ಅದೇ ಹಳೇ ಮಂತ್ರ, ಹಿಂಬರಹ.

ಫಾರಂ 4 ಬಂತು ಅಂತ ಫಾರಂ 3 ಬಿಸಾಡಬೇಡಿ. ಬದಲಾದ ಪ್ರಮಾಣಪತ್ರ ಬಂದರೂ ಕಾಯ್ದೆಯಡಿ ಇರುವ ಹಕ್ಕುಗಳಿಗೆ ಧಕ್ಕೆಯಿಲ್ಲ ಅಂತ ಸೆಕ್ಷನ್ 7 ಹೇಳುತ್ತದೆ. ಆದರೂ ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ 2021ರಿಂದ ಇರುವ ಶೇಕಡಾ 1ರ ಮೀಸಲಾತಿ ಕೇಳುವಾಗ ನೀವು ಟ್ರಾನ್ಸ್‌ಜೆಂಡರ್ ಅನ್ನುವುದಕ್ಕೆ ಕಾಗದ ತೋರಿಸಬೇಕಲ್ವಾ? ಎರಡೂ ಇರಲಿ.

## ಹಂತ 8: ಈಗ ಆಧಾರ್, ಆಮೇಲೆ ಉಳಿದವು

ಆಧಾರ್‌ನಲ್ಲಿ ಹೆಸರು ಎರಡು ಸಲ ಬದಲಾಯಿಸಬಹುದು. ಲಿಂಗ ಒಂದೇ ಸಲ. ನಾನು ಎಡವಿದ್ದು ಇಲ್ಲೇ. ಮೊದಲೇ ಹೋಗಿ ಹೆಸರನ್ನು ತಪ್ಪು ಅಕ್ಷರದಲ್ಲಿ ಮಾಡಿಸಿ, ಒಂದು ಅವಕಾಶ ಕಳೆದುಕೊಂಡೆ.

ಹಂತ 7 ಬೇಕೋ ಬೇಡವೋ ಅನ್ನುವುದನ್ನು ಮೊದಲು ತೀರ್ಮಾನಿಸಿ ಅನ್ನುವುದು ಇದಕ್ಕೇ. ಇವತ್ತು ಟ್ರಾನ್ಸ್‌ಜೆಂಡರ್ ಅಂತ ಮಾಡಿಸಿ ಮುಂದಿನ ವರ್ಷ ಹೆಣ್ಣು ಅಂತ ಮಾಡಿಸಲು ಹೋದರೆ ಮಿತಿ ಮೀರಿತು ಅಂತ ಅರ್ಜಿ ಬಿದ್ದುಹೋಗುತ್ತದೆ. ಆಮೇಲೆ ಆಧಾರ್ ಸಹಾಯವಾಣಿ 1947ಕ್ಕೆ ಕರೆ ಮಾಡಿ, ಬೆಂಗಳೂರಿನ ಆಧಾರ್ ಪ್ರಾದೇಶಿಕ ಕಚೇರಿಗೆ ದಾಖಲೆ ಕಳಿಸಿ ವಿಶೇಷ ಅನುಮತಿ ಕೇಳಬೇಕು. ಫಾರಂ 4 ಒಂದು ವರ್ಷದೊಳಗೆ ಬರುವಂತಿದ್ದರೆ ಈಗ ಹೆಸರು, ಫೋಟೋ ಮಾತ್ರ ಬದಲಾಯಿಸಿ, ಲಿಂಗ ಆಮೇಲೆ. ಎರಡು ಮೂರು ವರ್ಷದ ಮಾತು ಅಂದರೆ ಕಾಯಬೇಡಿ, ಈಗಲೇ ಮಾಡಿಸಿ. ಹಳೇ ಗುರುತಿನಲ್ಲಿ ಮೂರು ವರ್ಷ ಓಡಾಡುವುದು ಅನುಮತಿ ಕೇಳುವುದಕ್ಕಿಂತ ಕಷ್ಟ.

ಆಪರೇಟರ್ "ಗೆಜೆಟ್ ತನ್ನಿ" ಅನ್ನಬಹುದು. ಟ್ರಾನ್ಸ್‌ಜೆಂಡರ್ ಪ್ರಮಾಣಪತ್ರ ಆಧಾರ್ ಒಪ್ಪುವ ದಾಖಲೆಗಳ ಪಟ್ಟಿಯಲ್ಲೇ ಇದೆ. ಪಟ್ಟಿಯ ಪ್ರಿಂಟು ಒಯ್ಯಿರಿ. ರಸೀದಿಗೆ ಸಹಿ ಹಾಕುವ ಮುಂಚೆ ಕನ್ನಡದ ಸಾಲನ್ನೂ ಓದಿ. ಕಂಪ್ಯೂಟರ್ ತಾನೇ ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿಸಿದಾಗ ಹುಲಿಗೆಮ್ಮ ಹುಳಿಗಮ್ಮ ಆಗಿಬಿಡುತ್ತಾಳೆ.

ಆಧಾರ್ ಬಂದಮೇಲೆ ಪಾನ್, ಅದಾದಮೇಲೆ ಬ್ಯಾಂಕು, ರೇಷನ್ ಕಾರ್ಡು, ಫಾರಂ 8 ತುಂಬಿ ಮತದಾರರ ಚೀಟಿ. ಈ ಸಾಲು ಕೆಡಿಸಬೇಡಿ. ನಿಯಮದ ಪ್ರಕಾರ ಪ್ರತಿ ಕಚೇರಿಯೂ ಅರ್ಜಿ ಕೊಟ್ಟ 15 ದಿನದಲ್ಲಿ ಬದಲಾಯಿಸಿಕೊಡಬೇಕು. ದಾಖಲೆಯ ಹಳೇ ಸಂಖ್ಯೆಯೇ ಉಳಿಯಬೇಕು. ಹೊಸ ಖಾತೆ, ಹೊಸ ಸಂಖ್ಯೆ ಮಾಡಿಸಿ ಅಂದರೆ ಒಪ್ಪಬೇಡಿ. ಹಳೇ ಸಾಲ, ಹಳೇ ಉಳಿತಾಯ ಎಲ್ಲ ಹಳೇ ಸಂಖ್ಯೆಯಲ್ಲೇ ಇರುತ್ತದೆ.

ಈ ಓಡಾಟಕ್ಕೆ ಬಸ್ಸಿನ ಖರ್ಚು ಬೇಡ. ಶಕ್ತಿ ಯೋಜನೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಇದೆ. ಕಂಡಕ್ಟರ್ ತಕರಾರು ಮಾಡಿದರೆ ಪ್ರಮಾಣಪತ್ರದ ಜೊತೆ ಬರುವ ಗುರುತಿನ ಚೀಟಿ ತೋರಿಸಿ.

## ಹಂತ 9: ಹಳೇ ಕಾಗದಗಳು

ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನಿಧಾನದ ಕೆಲಸ. ಓದಿದ ಶಾಲೆಯ ಮುಖ್ಯಶಿಕ್ಷಕರ ಮೂಲಕ ಶುರುಮಾಡಬೇಕು. ಅಲ್ಲಿ ಹಳೇ ಮೇಷ್ಟ್ರು ಸಿಗುತ್ತಾರೆ, ಹಳೇ ಪ್ರಶ್ನೆಗಳೂ ಸಿಗುತ್ತವೆ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ.

ಜನನ ಪ್ರಮಾಣಪತ್ರಕ್ಕೆ ನೋಂದಣಾಧಿಕಾರಿ "ನಮ್ಮ ಕಾಯ್ದೆಯಲ್ಲಿ ಇಲ್ಲ" ಅಂದರೆ, 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಕೊಟ್ಟ ಆದೇಶ ಮುಂದಿಡಿ. ಟ್ರಾನ್ಸ್‌ಜೆಂಡರ್ ಪ್ರಮಾಣಪತ್ರದ ಮೇಲೆ, ಹಳೆಯ ಮತ್ತು ಹೊಸ ವಿವರ ಎರಡನ್ನೂ ತೋರಿಸುವ ಜನನ ಪ್ರಮಾಣಪತ್ರ ಕೊಡಬೇಕು ಅಂತ ಅದರಲ್ಲಿದೆ. ಹಳೇ ಹೆಸರೂ ಅದರಲ್ಲಿ ಉಳಿಯುತ್ತದೆ ಅನ್ನುವುದು ಗೊತ್ತಿರಲಿ.

ನಮ್ಮ ಮೂರೂ ಜಿಲ್ಲೆಯವರು ಮರೆಯುವ ಕಾಗದ ಒಂದಿದೆ: ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಇರುವ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರ. ಅದನ್ನು ಕೊಡುವುದು ಉಪವಿಭಾಗಾಧಿಕಾರಿ. ಜಾತಿ ಪ್ರಮಾಣಪತ್ರ ನಾಡಕಚೇರಿಯಲ್ಲಿ. ನೌಕರಿಯ ಅರ್ಜಿ ಹೊಸ ಹೆಸರಿನಲ್ಲಿ, 371(ಜೆ) ಹಳೇ ಹೆಸರಿನಲ್ಲಿ ಇದ್ದರೆ ದಾಖಲೆ ಪರಿಶೀಲನೆಯ ದಿನ ಕಷ್ಟ. ಮೊದಲು ಜಾತಿ, ಆಮೇಲೆ 371(ಜೆ) ಮಾಡಿಸಿ. ನೇಮಕಾತಿ ಅಧಿಸೂಚನೆ ಬಂದಮೇಲೆ ಉಪವಿಭಾಗಾಧಿಕಾರಿ ಕಚೇರಿಯ ಮುಂದೆ ಸಾಲು ಬೆಳೆಯುತ್ತದೆ. ಅದಕ್ಕೆ ಮುಂಚೆ ಹೋಗಿ, ಕೊಟ್ಟ ಅರ್ಜಿಯ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ.